ಹೊಸ ಗಾಡಿಯ ಗ್ಲಾಸಿಗೆ ಕಲ್ಲು ಬಿದ್ದರೆ

ಗಾಡಿ ಮನೆಗೆ ಬಂದು ಹತ್ತೊಂಬತ್ತು ದಿನ ಆಗಿತ್ತು. ಸೀಟಿನ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ಸಂಡೂರು ಕಡೆಯಿಂದ ಕುರೆಕುಪ್ಪಕ್ಕೆ ಬರುವಾಗ ಮುಂದೆ ಹೋಗುತ್ತಿದ್ದ ಲಾರಿಯ ಚಕ್ರದಿಂದ ಒಂದು ಕಲ್ಲು ಹಾರಿ 'ಟಕ್' ಎಂದು ಮುಂದಿನ ಗ್ಲಾಸಿಗೆ ಹೊಡೆಯಿತು. ಎಡಬದಿಯಲ್ಲಿ ಕಡಲೆಕಾಳಿನಷ್ಟು ಗುಳಿ ಬಿತ್ತು, ಅದರ ಸುತ್ತ ನಕ್ಷತ್ರದ ಹಾಗೆ ನಾಲ್ಕು ಗೆರೆ. ಗಾಡಿ ಓಡಿಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಬಂಟ್ವಾಳ ಕಡೆಯ ಹುಡುಗ, ಆರು ವರ್ಷದಿಂದ ಕುರೆಕುಪ್ಪದಲ್ಲಿ ಹಣ್ಣು–ಜ್ಯೂಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಮದ್ರಸಕ್ಕೆ ರಜೆ ಇದ್ದುದರಿಂದ ನಾನು ಅವನ ಮನೆಗೆ ಹೋಗಿದ್ದೆ. ಗಾಡಿ ಬದಿಗೆ ಹಾಕಿ ಇಳಿದು ನೋಡಿದವನ ಮುಖ ಸಣ್ಣದಾಗಿಬಿಟ್ಟಿತು.

"ಉಸ್ತಾದ್, ನಾಡಿದ್ದು ಉಮ್ಮನನ್ನು ಕರ್ಕೊಂಡು ಘಟ್ಟ ಇಳಿಯಬೇಕಿತ್ತು. ಈ ಗ್ಲಾಸಿನಲ್ಲಿ ಹೋಗಬಹುದಾ?"

ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಗ್ಯಾರೇಜಿನಲ್ಲಿ, ವಿಮೆಯವರಲ್ಲಿ, ಲಾರಿ ಓಡಿಸುವವರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಸಾಲ ಮಾಡಿ, ಊರು ಬಿಟ್ಟು ದುಡಿದು ಮೊದಲ ಗಾಡಿ ತೆಗೆದುಕೊಳ್ಳುತ್ತಾರೆ. ಅವರಿಗೆ ಉಪಯೋಗಕ್ಕೆ ಬರಬಹುದು.

ಕುರೆಕುಪ್ಪ ಎಲ್ಲಿ ಎಂದು ಕೇಳುವವರಿಗೆ: ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲಿನ ಪಕ್ಕದಲ್ಲಿ. ಹತ್ತಿರದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ. ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರು ಈ ಕಡೆಗೆ ಬರುತ್ತದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಲು ಹೇಳಿದ್ದು ನೆನಪಿರಬಹುದು. ಆಮೇಲೆ ನಿಯಮ ಕಟ್ಟಿ ಮತ್ತೆ ಬಿಟ್ಟರು. ಅದಿರು ಸಾಗಿಸಲು ಕನ್ವೇಯರ್ ಬೆಲ್ಟ್, ರೈಲು ಎಲ್ಲ ಇದ್ದರೂ ರಸ್ತೆಯಲ್ಲಿ ಲಾರಿ ಇದ್ದೇ ಇದೆ. ಲಾರಿ ಇದ್ದಲ್ಲಿ ಕೆಂಪು ಧೂಳು, ಕಲ್ಲಿನ ಚೂರು. ನಮ್ಮ ಕರಾವಳಿಯಲ್ಲೂ ಹೆದ್ದಾರಿ ಕೆಲಸ ನಡೆಯುವ ಕಡೆ, ಜಲ್ಲಿ ಲಾರಿ ಓಡುವ ಕಡೆ ಇದೇ ಕಥೆ.

ಮುಂದಿನ ಗ್ಲಾಸ್ ಒಂದೇ ಗಾಜಲ್ಲ. ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು. ಇದಕ್ಕೆ ಲ್ಯಾಮಿನೇಟೆಡ್ ಗ್ಲಾಸ್ ಎನ್ನುತ್ತಾರೆ. 1903ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಎಡ್ವಾರ್ ಬೆನೆಡಿಕ್ಟಸ್ ಅವರ ಲ್ಯಾಬಿನಲ್ಲಿ ಒಂದು ಗಾಜಿನ ಪಾತ್ರೆ ಕೆಳಗೆ ಬಿತ್ತು. ಒಡೆಯಿತು, ಆದರೆ ಚೂರುಚೂರಾಗಿ ಚೆಲ್ಲಲಿಲ್ಲ. ಒಳಗೆ ಮೊದಲು ಇದ್ದ ದ್ರವ ಒಣಗಿ ಪೊರೆಯಂತೆ ಅಂಟಿಕೊಂಡಿತ್ತು. ಲ್ಯಾಮಿನೇಟೆಡ್ ಗ್ಲಾಸ್ ಹುಟ್ಟಿದ್ದು ಅಲ್ಲಿಂದ. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿನ ಮುಂದಿನ ಗ್ಲಾಸ್ ಲ್ಯಾಮಿನೇಟೆಡ್ ಆಗಿರಬೇಕು ಎನ್ನುತ್ತವೆ. ಕಲ್ಲು ಬಿದ್ದರೂ ಗಾಜು ನಮ್ಮ ಮುಖಕ್ಕೆ ಬಾರದಿರುವುದು ಇದರಿಂದಲೇ. ಎಷ್ಟೋ ಗಾಡಿಗಳಲ್ಲಿ ಎಡಬದಿಯ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಈ ಗ್ಲಾಸಿಗೇ ಒರಗಿ ನಿಲ್ಲುತ್ತದೆ. ಹಾಗಾಗಿ ಗ್ಲಾಸ್ ಎಂದರೆ ಗಾಳಿ–ಮಳೆ ತಡೆಯಲಿಕ್ಕೆ ಮಾತ್ರ ಇರುವುದಲ್ಲ. ಮುಂದೆ ಕೂರುವ ಉಮ್ಮನ ಜೀವಕ್ಕೆ ಅದೂ ಒಂದು ಕಾವಲು.

ಈಗ ಮೊದಲಿನಿಂದ ಬರೋಣ. ಗಾಡಿ ಡೆಲಿವರಿ ತೆಗೆದುಕೊಳ್ಳುವ ದಿನ ಹೂವಿನ ಹಾರ, ಸ್ವೀಟು, ಫೋಟೊ ಎಂದು ಗಡಿಬಿಡಿ ಇರುತ್ತದೆ. ಅದರ ಮೊದಲು ಹಗಲಿನ ಬೆಳಕಿನಲ್ಲಿ, ತೊಳೆದು ಒರೆಸಿದ ಮೇಲೆ, ಮುಂದಿನ ಗ್ಲಾಸನ್ನು ಒಳಗಿನಿಂದಲೂ ಹೊರಗಿನಿಂದಲೂ ಓರೆಯಾಗಿ ನೋಡಿ. ಗೀರು ಇದ್ದರೆ ಬಿಸಿಲಿಗೆ ಮಿನುಗುತ್ತದೆ. ಗ್ಲಾಸಿನ ಮೂಲೆಯಲ್ಲಿ ತಯಾರಕರ ಗುರುತು, ಐಎಸ್‌ಐ ಗುರುತು ಇರುತ್ತದೆ. ಉಳಿದ ಗ್ಲಾಸುಗಳ ಗುರುತಿಗಿಂತ ಅದು ಬೇರೆ ಇದ್ದರೆ 'ಇದು ಯಾಕೆ' ಎಂದು ಕೇಳಿ. ಬೇರೆ ಇದ್ದ ಮಾತ್ರಕ್ಕೆ ಮೋಸ ಎಂದಲ್ಲ, ಆದರೆ ಕೇಳುವ ಹಕ್ಕು ನಿಮಗುಂಟು. ಏನಾದರೂ ಕಂಡರೆ ಡೆಲಿವರಿ ಕಾಗದದಲ್ಲಿ ಬರೆಸಿ, ಫೋಟೊ ತೆಗೆದು, ಆಮೇಲೆ ಸಹಿ ಹಾಕಿ. "ನಾಳೆ ಬನ್ನಿ, ಸರಿ ಮಾಡಿ ಕೊಡುವ" ಎಂಬ ಬಾಯಿಮಾತು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಎರಡನೆಯದು ಗೀರು. ನನ್ನ ವಿದ್ಯಾರ್ಥಿಯ ಗಾಡಿಯಲ್ಲಿ ಕಲ್ಲು ಬೀಳುವ ಮೊದಲೇ ವೈಪರ್ ಓಡಾಡುವ ಜಾಗದಲ್ಲಿ ಬಿಲ್ಲಿನಂತೆ ಸಣ್ಣ ಗೀರು ಬಿದ್ದಿತ್ತು. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಕೂತ ಧೂಳಿಗೆ ಒಣ ವೈಪರ್ ಹಾಕುತ್ತಿದ್ದ. ಪಕ್ಕದ ಮನೆಯ ಲಾರಿ ಡ್ರೈವರ್ ಅದನ್ನು ನೋಡಿ ಹೇಳಿದರು: "ಒಣಾ ಒರಸಬ್ಯಾಡ್ರಿ. ಇದು ಬರೇ ಧೂಳಲ್ಲ, ಅದಿರು. ಮೊದ್ಲು ನೀರು ಬಿಡ್ರಿ." ಅವರ ಮಾತಿನಲ್ಲಿ ವಿಜ್ಞಾನವೇ ಉಂಟು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಗಾಜು ಸುಮಾರು 5.5. ಇಲ್ಲಿನ ಅದಿರಾದ ಹೆಮಟೈಟ್ ಸುಮಾರು 5ರಿಂದ 6.5. ಮರಳಿನ ಕ್ವಾರ್ಟ್ಜ್ 7. ಒಣ ಧೂಳಿನ ಮೇಲೆ ಬಟ್ಟೆ ಉಜ್ಜಿದರೆ ಉಪ್ಪು ಕಾಗದ ಉಜ್ಜಿದ ಹಾಗೆ. ಆದ್ದರಿಂದ ಮೊದಲು ಧಾರಾಳ ನೀರು ಬಿಡಬೇಕು, ಧೂಳು ಹರಿದು ಹೋದ ಮೇಲೆ ಮೆತ್ತನೆಯ ಬಟ್ಟೆ ಮುಟ್ಟಿಸಬೇಕು. ವೈಪರಿನ ರಬ್ಬರನ್ನೂ ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಬಿದ್ದ ಗೀರು ಹೋಗುತ್ತದಾ? ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಸೀರಿಯಂ ಆಕ್ಸೈಡ್ ಪುಡಿಯ ಪಾಲಿಶ್‌ನಲ್ಲಿ ಕಡಿಮೆ ಆಗಬಹುದು. ಸಿಕ್ಕಿಕೊಂಡರೆ ಗೀರು ಆಳವಾಗಿದೆ ಎಂದರ್ಥ. ಅದನ್ನು ತೆಗೆಯಲು ತುಂಬಾ ಉಜ್ಜಿದರೆ ಗಾಜು ಸವೆದು ರಸ್ತೆ ವಕ್ರವಾಗಿ ಕಾಣುತ್ತದೆ. ಚಾಲಕನ ಕಣ್ಣಿನ ನೇರಕ್ಕೆ ಆ ಪ್ರಯೋಗ ಬೇಡವೇ ಬೇಡ. ರಾತ್ರಿ ಎದುರಿನ ಗಾಡಿಯ ಲೈಟು ಗೀರಿಗೆ ಬಿದ್ದು ಕಣ್ಣು ಕೋರೈಸುತ್ತಿದ್ದರೆ ಗ್ಲಾಸ್ ಬದಲಿಸುವುದೇ ಸರಿ.

ಇನ್ನು ಕಲ್ಲಿನ ಗುಳಿ. ಆದ ಕೂಡಲೆ ಗಾಡಿ ನಿಲ್ಲಿಸಿ ಫೋಟೊ ತೆಗೆಯಿರಿ. ಗುಳಿಯ ಮೇಲೆ ಒಂದು ತುಂಡು ಪಾರದರ್ಶಕ ಟೇಪ್ ಅಂಟಿಸಿ. ಧೂಳು, ನೀರು ಒಳಗೆ ಹೋದರೆ ಆಮೇಲೆ ರಿಪೇರಿ ಚೆನ್ನಾಗಿ ಕೂರುವುದಿಲ್ಲ. ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಹೊರಗೆ ಕಾದ ಗಾಜಿಗೆ ಒಳಗಿನಿಂದ ಏಸಿಯ ತಣ್ಣನೆ ಗಾಳಿ ನೇರ ಬಿಟ್ಟರೆ, ಅಥವಾ ತಣ್ಣೀರು ಸುರಿದರೆ, ಗಾಜು ಒಂದು ಕಡೆ ಹಿಗ್ಗಿ ಒಂದು ಕಡೆ ಕುಗ್ಗುತ್ತದೆ. ಗುಳಿಯಿಂದ ಬಿರುಕು ಓಡುವುದು ಆಗಲೇ. ನನ್ನ ತಮ್ಮನ ವ್ಯಾನಿನಲ್ಲಿ ಬೆರಳಿನ ಉಗುರಿನಷ್ಟಿದ್ದ ಕಲೆಯನ್ನು "ನೋಡುವ, ನೋಡುವ" ಎಂದು ಮೂರು ವಾರ ಬಿಟ್ಟಿದ್ದ. ಒಂದು ಬೆಳಿಗ್ಗೆ ನೋಡುವಾಗ ಬಿರುಕು ಗ್ಲಾಸಿನ ಈ ತುದಿಯಿಂದ ಆ ತುದಿಗೆ ಹೋಗಿತ್ತು.

ನಾಣ್ಯದಷ್ಟು ಸಣ್ಣ ಗುಳಿಯಾಗಿದ್ದು, ಅಂಚಿನಲ್ಲಿಯೂ ಇಲ್ಲದೆ, ಚಾಲಕನ ಕಣ್ಣಿನ ನೇರದಲ್ಲಿಯೂ ಇಲ್ಲದಿದ್ದರೆ ಸಾಮಾನ್ಯವಾಗಿ ರಿಪೇರಿ ಆಗುತ್ತದೆ. ಗುಳಿಯೊಳಗಿನ ಗಾಳಿ ಎಳೆದು, ರೆಸಿನ್ ಎಂಬ ಅಂಟು ತುಂಬಿ, ನೇರಳಾತೀತ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಕಲೆ ಪೂರ್ತಿ ಮಾಯ ಆಗುವುದಿಲ್ಲ, ಬಿರುಕು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಉದ್ದ ಬಿರುಕಿದ್ದರೆ, ಅಂಚು ಮುಟ್ಟಿದ್ದರೆ ಬದಲಿಸಲೇಬೇಕು. ಹೊಸ ಗ್ಲಾಸ್ ಕೂರಿಸಿದ ಮೇಲೆ ಅಂಟು ಒಣಗಲು ಗ್ಯಾರೇಜಿನವರು ಹೇಳಿದಷ್ಟು ಗಂಟೆ ಕಾಯಿರಿ, ಅವತ್ತೇ ಪ್ರೆಶರ್ ವಾಶ್ ಮಾಡಿಸಬೇಡಿ. ಗ್ಲಾಸಿನ ಹಿಂದೆ ಕ್ಯಾಮೆರಾ ಇರುವ ಗಾಡಿಯಾದರೆ ಅದನ್ನು ಮತ್ತೆ ಸರಿಹೊಂದಿಸಿದ್ದಾರಾ ಎಂದು ಕೇಳಿ.

"ಹೊಸ ಗಾಡಿ, ವಾರಂಟಿ ಉಂಟಲ್ಲ" ಎಂದು ನಾವು ಅಂದುಕೊಳ್ಳುತ್ತೇವೆ. ಕಲ್ಲಿನ ಹೊಡೆತಕ್ಕೆ ವಾರಂಟಿ ಬರುವುದಿಲ್ಲ. ಆದರೆ ಯಾವ ಹೊಡೆತವೂ ಇಲ್ಲದೆ ಅಂಚಿನಿಂದ ತಾನಾಗಿ ಬಿರುಕು ಹುಟ್ಟಿದ್ದರೆ ಬೇರೆ ಮಾತು. ಪೆನ್ನಿನ ತುದಿಯನ್ನು ಬಿರುಕಿನುದ್ದಕ್ಕೂ ಮೆಲ್ಲ ಆಡಿಸಿ. ಎಲ್ಲಿಯೂ ಗುಳಿ ಸಿಗದಿದ್ದರೆ ಅದು ಗಾಜಿನ ದೋಷವೋ ಕೂರಿಸಿದ ದೋಷವೋ ಆಗಿರಬಹುದು. ಆಗ ಡೀಲರಿಗೆ ಬರಹದಲ್ಲಿ ದೂರು ಕೊಡಿ.

ಕಲ್ಲಿನ ಹೊಡೆತಕ್ಕೆ ದಾರಿ ವಿಮೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಗ್ಲಾಸಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ, ಸ್ವಂತ ಹಾನಿಯ ಭಾಗವೂ ಬೇಕು. ಸಾಮಾನ್ಯ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ. ಆದರೆ ಕಡ್ಡಾಯ ಕಡಿತ ಉಂಟು: 1500 ಸಿಸಿವರೆಗಿನ ಖಾಸಗಿ ಕಾರಿಗೆ ಸಾಮಾನ್ಯವಾಗಿ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000. ಇನ್ನೊಂದು ಲೆಕ್ಕ ಎನ್‌ಸಿಬಿ. ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಹಾನಿ ಪ್ರೀಮಿಯಂನಲ್ಲಿ 20 ಶೇಕಡಾ ರಿಯಾಯಿತಿ. ಆ ಪ್ರೀಮಿಯಂ ₹12,000 ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡಿದರೆ ಮುಂದಿನ ವರ್ಷ ₹2,400 ಹೋಯಿತು, ಈಗ ₹1,000 ಕೈಯಿಂದ ಹೋಯಿತು. ರಿಪೇರಿ ಅದಕ್ಕಿಂತ ಕಡಿಮೆಗೆ ಆಗುವುದಾದರೆ ಕ್ಲೇಮ್ ಲಾಭವಲ್ಲ. ಪೂರ್ತಿ ಗ್ಲಾಸ್ ಬದಲಿಸುವುದಾದರೆ ಹೆಚ್ಚಾಗಿ ಲಾಭ. ಗ್ಲಾಸ್ ಕ್ಲೇಮ್ ಎನ್‌ಸಿಬಿಗೆ ಪೆಟ್ಟು ಕೊಡುತ್ತದಾ ಎಂದು ಮೊದಲು ವಿಮೆಯವರಲ್ಲಿ ಕೇಳಿ. ಅವರಿಗೆ ತಿಳಿಸುವ ಮೊದಲು ಗ್ಲಾಸ್ ಬದಲಿಸಬೇಡಿ.

ಇಲ್ಲೇ ಒಂದು ಪರೀಕ್ಷೆ ಬಂತು. ನಾವು ಹೋದ ಮೊದಲ ಗ್ಯಾರೇಜಿನಲ್ಲಿ ಒಬ್ಬರು ಮೆಲ್ಲಗೆ ಹೇಳಿದರು: "ಇಷ್ಟು ಸಣ್ಣದಕ್ಕೆ ಹೊಸ ಗ್ಲಾಸು ಕೊಡಲ್ಲ ರೀ. ಸುತ್ತಿಗೀಲಿ ಒಂದು ಸಣ್ಣ ಏಟು ಕೊಟ್ರೆ ಪೂರ್ತಿ ಬಿರುಕಾಗ್ತದ. ಎಲ್ಲಾರೂ ಮಾಡ್ತಾರ." ಹುಡುಗ ನನ್ನ ಮುಖ ನೋಡಿದ. ಅವನ ಮನಸ್ಸು ನನಗೆ ಅರ್ಥವಾಯಿತು. ಹತ್ತೊಂಬತ್ತು ದಿನದ ಗಾಡಿ, ಕಲೆ ಇಲ್ಲದೆ ಸಿಗುತ್ತದೆ ಎಂದರೆ ಯಾರಿಗೆ ಬೇಡ? ನಾನು ಇಷ್ಟೇ ಹೇಳಿದೆ: "ಏಟು ಕಲ್ಲಿನದ್ದಾ ಸುತ್ತಿಗೆಯದ್ದಾ ಎಂದು ಸರ್ವೇಯರಿಗೆ ಗೊತ್ತಾಗದೆ ಇರಬಹುದು. ನಿನಗೆ ಗೊತ್ತುಂಟಲ್ಲ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ, ಹೊಸಪೇಟೆಗೆ ಹೋಗುವ" ಎಂದ. ಇದೇ ಮಾತು ಗಾಡಿ ಮಾರುವಾಗಲೂ ಅನ್ವಯ. ರಿಪೇರಿ ಮಾಡಿದ ಕಲೆಯನ್ನು ಸ್ಟಿಕ್ಕರ್ ಹಾಕಿ ಮುಚ್ಚದೆ ತೋರಿಸಿ ಮಾರಬೇಕು. ಐಬು ಮುಚ್ಚಿ ಮಾರಿದ ವ್ಯಾಪಾರದಲ್ಲಿ ಬರಕತ್ ಇಲ್ಲ ಎಂದು ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ.

ನಮ್ಮ ಕಡೆ ನ್ಯಾಯ ಇದ್ದೂ ಡೀಲರೋ ವಿಮೆಯವರೋ ಕೇಳದಿದ್ದರೆ ಸುಮ್ಮನಿರಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ವಿಮಾ ಕಂಪೆನಿಗೆ ಬರೆದು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಎಲ್ಲ ಕಡೆಯೂ ಕೇಳುವುದು ಕಾಗದ ಮತ್ತು ಫೋಟೊ.

ಹೊಸಪೇಟೆಯಲ್ಲಿ ರೆಸಿನ್ ತುಂಬಿಸಿ ಮುಗಿಸಲು ಒಂದು ಗಂಟೆ ಹಿಡಿಯಿತು. ಹತ್ತಿರ ಹೋಗಿ ನೋಡಿದರೆ ಅಕ್ಕಿಕಾಳಿನಷ್ಟು ಕಲೆ ಈಗಲೂ ಕಾಣುತ್ತದೆ. ಹೇಳಿದ ದಿನವೇ ಉಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವನು ಘಟ್ಟ ಇಳಿದ. ದಾರಿಯಲ್ಲಿ ಉಮ್ಮ ಕೇಳಿದರಂತೆ, "ಹೊಸ ಗಾಡಿಯಲ್ಲಿ ಇದೆಂತ ಮೋನೆ?" ಅವನು, "ಕಲ್ಲು ಬಿದ್ದದ್ದು ಉಮ್ಮ, ಸರಿ ಮಾಡಿಸಿದ್ದೇನೆ" ಎಂದನಂತೆ.

ಈಗ ಅವನು ಲಾರಿಯ ಹಿಂದೆ ಅಂಟಿಕೊಂಡು ಓಡಿಸುವುದಿಲ್ಲ. ಡಿಕ್ಕಿಯಲ್ಲಿ ಎರಡು ಬಾಟಲಿ ನೀರು, ಒಂದು ಮೆತ್ತನೆ ಬಟ್ಟೆ, ಒಂದು ಟೇಪು ಇಟ್ಟುಕೊಂಡಿದ್ದಾನೆ.