ಗೆದ್ದವನೇ ಹೇಳಬೇಕಾಗಿದ್ದ ಮಾತು

ಬೆಲ್ಜಿಯಂ ದೇಶದ ಸ್ಪಾ ಎಂಬಲ್ಲಿ 1966ರ ಜೂನ್ 12ರಂದು ನಡೆದ ಕಾರ್ ರೇಸಿನಲ್ಲಿ ಗೆದ್ದವರು ಯಾರೆಂಬುದು ಇಂದು ಹೆಚ್ಚು ಜನಕ್ಕೆ ನೆನಪಿರಲಿಕ್ಕಿಲ್ಲ. ಆದರೆ ಅದರ ಮೊದಲ ಸುತ್ತಿನಲ್ಲೇ ನಡೆದ ಒಂದು ಅಪಘಾತ ಫಾರ್ಮುಲಾ ಒನ್ ಕ್ರೀಡೆಯ ದಿಕ್ಕನ್ನೇ ಬದಲಿಸಿತು. ಅಪಘಾತಕ್ಕೆ ಸಿಕ್ಕಿದ ಚಾಲಕ ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್. ಅವರಿಗೆ ಆಗಿನ್ನೂ 27 ವರ್ಷ.

ಆ ಕಾಲದ ಸ್ಪಾ ಹಾದಿ ಒಂದು ಸುತ್ತಿಗೆ 14 ಕಿಲೋಮೀಟರ್. ಮಿಕ್ಕ ದಿನಗಳಲ್ಲಿ ಊರ ಜನ ಓಡಾಡುವ ರಸ್ತೆಗಳನ್ನೇ ಪಂದ್ಯಕ್ಕಾಗಿ ಮುಚ್ಚುತ್ತಿದ್ದರು. ಹಾದಿ ಅಷ್ಟು ಉದ್ದವಾದ್ದರಿಂದ ಹೊರಡುವ ಕಡೆ ನೆಲ ಒಣಗಿದ್ದರೂ ಆಚೆ ತುದಿಯಲ್ಲಿ ಮಳೆ ಸುರಿಯುತ್ತಿರಬಹುದು. ಅಂದು ಆದದ್ದೂ ಅದೇ. ಭಾರಿ ವೇಗದಲ್ಲಿ ಬಂದ ಕಾರುಗಳು ನೀರಿನ ಮೇಲೆ ಹಿಡಿತ ತಪ್ಪಿ ಒಂದರ ಹಿಂದೊಂದು ದಾರಿ ಬಿಟ್ಟವು. ರಸ್ತೆಯಿಂದಾಚೆಗೆ ಎಸೆಯಲ್ಪಟ್ಟ ಸ್ಟೀವರ್ಟ್ ಅವರ ಕಾರು ನಜ್ಜುಗುಜ್ಜಾಯಿತು. ಸ್ಟಿಯರಿಂಗ್ ಚಕ್ರ ಕಾಲನ್ನು ಅದುಮಿ ಹಿಡಿದಿತ್ತು. ಒಡೆದ ಟ್ಯಾಂಕಿನಿಂದ ಪೆಟ್ರೋಲು ಮೈಮೇಲೆ ಸೋರುತ್ತಿತ್ತು. ಒಂದು ಕಿಡಿ ಸಾಕಿತ್ತು.

ಬಿಡಿಸಲು ಅಲ್ಲಿ ಸಿಬ್ಬಂದಿ ಇರಲಿಲ್ಲ, ಉಪಕರಣವೂ ಇರಲಿಲ್ಲ. ಅದೇ ಜಾಗದಲ್ಲಿ ದಾರಿ ತಪ್ಪಿದ್ದ ಸಹ ಚಾಲಕರಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್ ಓಡಿಬಂದರು. ಪ್ರೇಕ್ಷಕರೊಬ್ಬರ ಕಾರಿನಿಂದ ಸ್ಪ್ಯಾನರ್ ಎರವಲು ತಂದು ಸ್ಟಿಯರಿಂಗ್ ಚಕ್ರವನ್ನು ಬಿಚ್ಚಿದರು. ಅಷ್ಟು ಹೊತ್ತಿಗೆ ಸುಮಾರು 25 ನಿಮಿಷ ಕಳೆದಿತ್ತು. ಪ್ರಥಮ ಚಿಕಿತ್ಸೆಯ ಕೋಣೆಯ ನೆಲದ ಮೇಲೆ ಸಿಗರೇಟಿನ ತುಂಡುಗಳು ಬಿದ್ದಿದ್ದವು. ಅಲ್ಲಿಂದ ಲಿಯೆಜ್ ನಗರದ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ದಾರಿಯನ್ನೇ ತಪ್ಪಿಸಿಕೊಂಡಿತು. ಇಷ್ಟಾದರೂ ಸ್ಟೀವರ್ಟ್ ಬದುಕಿ ಉಳಿದರು. ಚೇತರಿಸಿಕೊಂಡು ಮತ್ತೆ ಕಾರು ಹತ್ತಿದಾಗ ಸ್ಟಿಯರಿಂಗಿಗೆ ಒಂದು ಸ್ಪ್ಯಾನರನ್ನು ಟೇಪಿನಿಂದ ಅಂಟಿಸಿಕೊಂಡಿದ್ದರು.

ದಡ್ಡನೆನಿಸಿಕೊಂಡ ಹುಡುಗ

ಸ್ಟೀವರ್ಟ್ ಹುಟ್ಟಿದ್ದು 1939ರಲ್ಲಿ, ಡಂಬಾರ್ಟನ್ ಪಟ್ಟಣದ ಸಮೀಪದ ಮಿಲ್ಟನ್ ಎಂಬ ಹಳ್ಳಿಯಲ್ಲಿ. ತಂದೆಯದು ಗ್ಯಾರೇಜು. ಶಾಲೆಯಲ್ಲಿ ಅಕ್ಷರಗಳು ತಲೆಗೆ ಹತ್ತದೆ ದಡ್ಡನೆನಿಸಿಕೊಂಡ ಹುಡುಗ ಹದಿಹರೆಯದಲ್ಲೇ ಓದು ಬಿಟ್ಟು ಗ್ಯಾರೇಜು ಸೇರಿದ. ಅದು ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಡಕು ಎಂದು ತಿಳಿದದ್ದು ಅವರಿಗೆ 41 ತುಂಬಿದ ಮೇಲೆ, ಅದೂ ಮಗನಿಗೆ ಅದೇ ತೊಂದರೆ ಇರುವುದು ಪತ್ತೆಯಾದಾಗ.

ಗಾಳಿಗೆ ಚಿಮ್ಮಿಸಿದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಶೂಟಿಂಗಿನಲ್ಲಿ ಮೊದಲು ಹೆಸರು ಮಾಡಿದರು. 1960ರ ರೋಮ್ ಒಲಿಂಪಿಕ್ಸ್ ತಂಡದ ಅವಕಾಶ ಕೂದಲೆಳೆಯಲ್ಲಿ ಕೈತಪ್ಪಿತು. ಬಳಿಕ ರೇಸಿಗೆ ಬಂದು, 1964ರಲ್ಲಿ ಕೆನ್ ಟಿರೆಲ್ ಅವರ ತಂಡದಲ್ಲಿ ಫಾರ್ಮುಲಾ ತ್ರೀ ಕಾರು ಓಡಿಸಿ ಎಲ್ಲರ ಕಣ್ಣಿಗೆ ಬಿದ್ದರು. ಮರುವರ್ಷ ಬಿ.ಆರ್.ಎಂ. ತಂಡದಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿ, ಅದೇ ವರ್ಷ ಇಟಲಿಯ ಮಾಂಝಾದಲ್ಲಿ ಮೊದಲ ಜಯ ಪಡೆದರು.

ಸಾವು ಆಟದ ಭಾಗವಾಗಿದ್ದಾಗ

ಅಂದಿನ ರೇಸು ಕಾರೆಂದರೆ ಚಾಲಕನ ಸುತ್ತ ಪೆಟ್ರೋಲು ತುಂಬಿದ ತೆಳು ಲೋಹದ ತೊಟ್ಟಿ ಎನ್ನಬಹುದು. ಸೀಟು ಬೆಲ್ಟ್ ಕಟ್ಟುವವರು ಅಪರೂಪ. ಬೆಂಕಿಯಲ್ಲಿ ಸಿಲುಕುವುದಕ್ಕಿಂತ ಕಾರಿನಿಂದ ಹೊರಗೆ ಬೀಳುವುದೇ ಮೇಲೆಂಬ ನಂಬಿಕೆಯಿತ್ತು. ಹಾದಿಯ ಅಂಚಿನಲ್ಲಿ ಮರ, ಕಂಬ, ಮನೆ ಏನು ಬೇಕಾದರೂ ಇರಬಹುದಿತ್ತು. ಕೆಲವೆಡೆ ರಕ್ಷಣೆಗೆಂದು ಹುಲ್ಲಿನ ಪಿಂಡಿಗಳನ್ನು ಜೋಡಿಸುತ್ತಿದ್ದರು. 1967ರಲ್ಲಿ ಮೊನಾಕೋದಲ್ಲಿ ಇಟಲಿಯ ಲೊರೆಂಜೊ ಬಾಂದಿನಿ ಅವರ ಕಾರು ಹೊತ್ತಿಕೊಂಡಾಗ ಆ ಹುಲ್ಲೇ ಬೆಂಕಿಗೆ ಮೇವಾಯಿತು. ಮರುವರ್ಷ ಜರ್ಮನಿಯ ಹಾಕನ್‌ಹೈಮ್‌ನಲ್ಲಿ, ಸ್ಟೀವರ್ಟ್ ಅವರ ಗೆಳೆಯರೂ ಆ ಕಾಲದ ಅತ್ಯುತ್ತಮ ಚಾಲಕರೂ ಆಗಿದ್ದ ಜಿಮ್ ಕ್ಲಾರ್ಕ್ ಬೇಲಿಯಿಲ್ಲದ ಹಾದಿಯಿಂದ ಜಾರಿ ಮರಗಳಿಗೆ ಬಡಿದು ತೀರಿಕೊಂಡರು. 1970 ಒಂದೇ ವರ್ಷದಲ್ಲಿ ಬ್ರೂಸ್ ಮೆಕ್ಲಾರೆನ್, ಪಿಯರ್ಸ್ ಕರೇಜ್ ಮತ್ತು ಯೋಕನ್ ರಿಂಟ್ ಮಡಿದರು.

ಸ್ಟೀವರ್ಟ್ ಅವರ ವಾದ ಸರಳವಾಗಿತ್ತು. ಮನುಷ್ಯ ತಪ್ಪು ಮಾಡುತ್ತಾನೆ, ಯಂತ್ರವೂ ಕೈಕೊಡುತ್ತದೆ. ಆ ತಪ್ಪಿಗೆ ಪಂದ್ಯ ಸೋಲಬೇಕೇ ಹೊರತು ಪ್ರಾಣ ತೆರಬೇಕಾಗಿಲ್ಲ. ಕಬ್ಬಿಣದ ಬೇಲಿ, ತುರ್ತು ಚಿಕಿತ್ಸೆಯ ವ್ಯವಸ್ಥೆ, ಬೆಂಕಿ ಆರಿಸುವ ಸಿಬ್ಬಂದಿ, ಸೀಟು ಬೆಲ್ಟ್, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕೆಂದು ಹಟ ಹಿಡಿದರು. ಚಾಲಕರ ಸಂಘದ ಮೂಲಕ ಒತ್ತಡ ಹೇರಿದರು. 1969ರಲ್ಲಿ ಸ್ಪಾ ಪಂದ್ಯ ನಡೆಯಲಿಲ್ಲ. ಮರುವರ್ಷ ಜರ್ಮನಿಯ ಪಂದ್ಯ ನುರ್‌ಬರ್ಗ್‌ರಿಂಗ್ ಬಿಟ್ಟು ಹಾಕನ್‌ಹೈಮ್‌ಗೆ ಹೋಯಿತು.

ಇದು ಬಹಳ ಜನರಿಗೆ ಹಿಡಿಸಲಿಲ್ಲ. ಹಾದಿಗಳ ಮಾಲೀಕರಿಗೆ ಖರ್ಚಿನ ಚಿಂತೆ. ಕೆಲವು ಪತ್ರಕರ್ತರಿಗೆ ಸಾಹಸದ ಸೊಗಸೇ ಹೋಯಿತೆಂಬ ಕೊರಗು. ಅಪಾಯ ಬೇಡದವನು ರೇಸಿಗೆ ಏಕೆ ಬರಬೇಕು, ಇವನೊಬ್ಬ ಹೇಡಿ ಎಂಬ ಮಾತೂ ಕೇಳಿಬಂತು.

ಹಸಿರು ನರಕದಲ್ಲಿ ಉತ್ತರ

ಈ ಆಕ್ಷೇಪಕ್ಕೆ ಉತ್ತರ ನುರ್‌ಬರ್ಗ್‌ರಿಂಗ್‌ನಲ್ಲಿ ಅದಾಗಲೇ ದೊರೆತಿತ್ತು. ಬೆಟ್ಟ ಕಾಡುಗಳ ನಡುವೆ ಸುಮಾರು 23 ಕಿಲೋಮೀಟರ್ ಸುತ್ತುವ ಆ ಹಾದಿಗೆ 'ಹಸಿರು ನರಕ' ಎಂದು ಹೆಸರಿಟ್ಟವರು ಸ್ಟೀವರ್ಟ್ ಅವರೇ. 1968ರ ಪಂದ್ಯದ ದಿನ ಅಲ್ಲಿ ಮಳೆಯ ಜೊತೆಗೆ ದಟ್ಟ ಮಂಜು. ಮುಂದಿನ ಕಾರೇ ಕಾಣದಂಥ ಸ್ಥಿತಿ. ಕೆಲವು ತಿಂಗಳ ಹಿಂದೆ ಮುರಿದಿದ್ದ ಮಣಿಕಟ್ಟಿಗೆ ಇನ್ನೂ ಪಟ್ಟಿ ಕಟ್ಟಿಕೊಂಡೇ ಓಡಿಸಿದ ಸ್ಟೀವರ್ಟ್, ಎರಡನೆಯವರಾಗಿ ಬಂದ ಗ್ರಹಾಂ ಹಿಲ್ ಅವರಿಗಿಂತ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂದೆ ಗುರಿ ಮುಟ್ಟಿದರು. ಸೆಕೆಂಡುಗಳ ಲೆಕ್ಕದಲ್ಲಿ ಸೋಲು ಗೆಲುವು ನಿರ್ಧಾರವಾಗುವ ಆಟದಲ್ಲಿ ನಾಲ್ಕು ನಿಮಿಷವೆಂದರೆ ಒಂದು ಯುಗ. 1971 ಮತ್ತು 1973ರಲ್ಲೂ ಅಲ್ಲಿ ಗೆದ್ದರು.

ಹಿಂದೆ ಬೀಳುವ ಚಾಲಕನೊಬ್ಬ ರಕ್ಷಣೆಯ ಮಾತೆತ್ತಿದ್ದರೆ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಜನ ನಕ್ಕು ಸುಮ್ಮನಾಗುತ್ತಿದ್ದರು. ಸ್ಟೀವರ್ಟ್ 1969, 1971 ಮತ್ತು 1973ರ ವಿಶ್ವ ಚಾಂಪಿಯನ್. 99 ಪಂದ್ಯಗಳಲ್ಲಿ 27 ಜಯ. ಈ ದಾಖಲೆಯನ್ನು ಫ್ರಾನ್ಸಿನ ಆಲೈನ್ ಪ್ರಾಸ್ಟ್ ಮುರಿದದ್ದು 1987ರಲ್ಲಿ. ಅಂಥವರ ಮಾತನ್ನು ಭಯವೆಂದು ತಳ್ಳಿಹಾಕುವುದು ಸುಲಭವಾಗಿರಲಿಲ್ಲ.

ನೂರನೆಯ ಪಂದ್ಯ

ಆ ಹೋರಾಟವೂ ಎಲ್ಲರನ್ನೂ ಉಳಿಸಲಿಲ್ಲ. 1973ರ ಕೊನೆಗೆ ನಿವೃತ್ತರಾಗುವ ನಿರ್ಧಾರವನ್ನು ಸ್ಟೀವರ್ಟ್ ತಿಂಗಳುಗಳ ಮೊದಲೇ ಮಾಡಿದ್ದರು. ಹೆಂಡತಿ ಹೆಲೆನ್ ಅವರಿಗೂ ಹೇಳಿರಲಿಲ್ಲ. ಟಿರೆಲ್ ತಂಡದ ಮುಂದಿನ ನಾಯಕನಾಗಲೆಂದು ಫ್ರಾನ್ಸಿನ ಯುವಕ ಫ್ರಾನ್ಸ್ವಾ ಸೆವೆರ್ ಅವರನ್ನು ತಾವೇ ತಿದ್ದಿ ಬೆಳೆಸಿದ್ದರು. ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ನಡೆಯಬೇಕಿದ್ದುದು ಸ್ಟೀವರ್ಟ್ ಅವರ ನೂರನೆಯ ಪಂದ್ಯ. ಅಕ್ಟೋಬರ್ 6ರಂದು, ಪಂದ್ಯದ ಹಿಂದಿನ ದಿನ, ಸೆವೆರ್ ಅವರ ಕಾರು ಕಬ್ಬಿಣದ ಬೇಲಿಗೆ ಅಪ್ಪಳಿಸಿತು. ಅವರು ಅಲ್ಲೇ ಅಸುನೀಗಿದರು. ಬೇಲಿ ಹಾಕಿದರಷ್ಟೇ ಸಾಲದು, ಅದು ಕಾರನ್ನು ತಡೆಯುವಂತೆಯೂ ಇರಬೇಕೆಂಬ ಪಾಠ ಹೀಗೆ ಬಂತು. ಟಿರೆಲ್ ತಂಡ ಪಂದ್ಯದಿಂದ ಹಿಂದೆ ಸರಿಯಿತು. ಸ್ಟೀವರ್ಟ್ ಅವರ ಲೆಕ್ಕ 99ಕ್ಕೇ ನಿಂತಿತು.

ಮುಂದೆ ಮಗ ಪಾಲ್ ಜೊತೆ ಕಟ್ಟಿದ ಸ್ವಂತ ತಂಡ 1997ರಿಂದ 1999ರವರೆಗೆ ಸ್ಪರ್ಧಿಸಿ ಒಂದು ಪಂದ್ಯ ಗೆದ್ದಿತು. 2001ರಲ್ಲಿ ಬ್ರಿಟನ್ 'ಸರ್' ಪದವಿ ಕೊಟ್ಟಿತು. ಪಂದ್ಯಗಳಲ್ಲಿ ಗಡಿಯಾರ ಹಿಡಿದು ಅವರ ಸುತ್ತುಗಳ ವೇಳೆ ಬರೆದಿಡುತ್ತಿದ್ದ ಹೆಲೆನ್ ಅವರಿಗೆ 2014ರಲ್ಲಿ ಮರೆವಿನ ಕಾಯಿಲೆ ಇರುವುದು ಗೊತ್ತಾಯಿತು. ಆ ಕಾಯಿಲೆಯ ಸಂಶೋಧನೆಗೆ ನೆರವಾಗಲು ಸ್ಟೀವರ್ಟ್ ಒಂದು ಸಂಸ್ಥೆಯನ್ನೇ ಸ್ಥಾಪಿಸಿದರು.

2020ರ ನವೆಂಬರ್ 29ರಂದು ಬಹರೇನ್ ಪಂದ್ಯದ ಮೊದಲ ಸುತ್ತಿನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ಬೇಲಿಯನ್ನು ಸೀಳಿ ಹೊಕ್ಕು ಬೆಂಕಿಯ ಉಂಡೆಯಾಯಿತು. ಬೇಲಿ ಅಂದೂ ಸೋತಿತು. ಆದರೆ ತಲೆಯ ಸುತ್ತಲಿನ ಲೋಹದ ಚೌಕಟ್ಟು, ಬೆಂಕಿ ತಡೆಯುವ ಉಡುಪು ಕೈಹಿಡಿದವು. ಹಿಂದೆಯೇ ಬರುತ್ತಿದ್ದ ವೈದ್ಯರ ಕಾರು ಕ್ಷಣಗಳಲ್ಲಿ ತಲುಪಿತು. ಗ್ರೋಜಾನ್ ತಾವೇ ಬೆಂಕಿಯಿಂದ ಹೊರಬಂದರು. ಅದಕ್ಕೆ ಹಿಡಿದದ್ದು ಸುಮಾರು 28 ಸೆಕೆಂಡು. ಸ್ಪಾದಲ್ಲಿ ಸ್ಟೀವರ್ಟ್ ಪೆಟ್ರೋಲಿನಲ್ಲಿ ನೆನೆಯುತ್ತ ಕುಳಿತದ್ದು 25 ನಿಮಿಷ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಹಲವರ ದುಡಿಮೆ ಇದೆ. ಹೇಡಿ ಎನಿಸಿಕೊಂಡರೂ ಆ ಮಾತನ್ನು ಬಿಡದೆ ಆಡಿದ ಚಾಂಪಿಯನ್‌ನ ಪಾಲು ಅದರಲ್ಲಿ ದೊಡ್ಡದು.