ಚಿತ್ರಗುಪ್ತನ ವಹಿ, ನಮ್ಮ ಕಚೇರಿಯ ವಹಿ

ನರಕಚತುರ್ದಶಿಯ ಬೆಳಿಗ್ಗೆ ಎಣ್ಣೆಸ್ನಾನವಾದ ಮೇಲೆ ಯಮನಿಗೆ ತರ್ಪಣ ಕೊಡುವ ಪದ್ಧತಿ ಶಿವಮೊಗ್ಗದ ಕೆಲವು ಹಳೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ಯಮ, ಧರ್ಮರಾಜ, ಮೃತ್ಯು, ಅಂತಕ ಎಂದು ಮುಂದುವರಿಯುವ ಹದಿನಾಲ್ಕು ಹೆಸರುಗಳಲ್ಲಿ ಕಟ್ಟಕಡೆಯದು ಚಿತ್ರಗುಪ್ತನದು. ಸೇವಾವಧಿಯನ್ನೆಲ್ಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ಕೊನೆಯ ಹೆಸರಿನ ಮೇಲೆ ವಿಶೇಷ ಅಕ್ಕರೆ. ಚಿತ್ರಗುಪ್ತನೆಂದರೆ ಯಮಲೋಕದ ಶಾನುಭೋಗ. ಒಡೆಯನಿಗೆ ಬಿಟ್ಟ ನೀರಿನಲ್ಲಿ ಅವನಿಗೂ ಪಾಲುಂಟು. ದೇವೇಂದ್ರನ ಲೆಕ್ಕ ಬರೆಯುವವನು ಯಾರೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಿಯಾರು?

ಯಮನ ಆಸ್ಥಾನದಲ್ಲಿ ಮೊದಲಿನಿಂದಲೂ ವಹಿ ಇರಲಿಲ್ಲ. ಋಗ್ವೇದದ ಯಮ ಮೊತ್ತಮೊದಲು ಸತ್ತವನು. ಆ ದಾರಿಯನ್ನು ಕಂಡುಹಿಡಿದು ಹಿಂದೆ ಬರುವವರಿಗೆ ತೋರಿಸಿಕೊಟ್ಟ ಹಿರಿಯ. ಅವನ ಲೋಕ ಪಿತೃಗಳು ಸುಖವಾಗಿರುವ ಬೆಳಕಿನ ತಾಣ. ಕಾವಲಿಗೆ ಎರಡು ನಾಯಿಗಳಿದ್ದವೇ ಹೊರತು ಗುಮಾಸ್ತರಿರಲಿಲ್ಲ. ಪಾಪಪುಣ್ಯಗಳ ದಾಖಲೆ, ವಿಚಾರಣೆ, ಶಿಕ್ಷೆಯ ದರ್ಜೆಗಳು ಇವೆಲ್ಲ ವಿಸ್ತಾರವಾಗಿ ಬರುವುದು ಪುರಾಣಗಳ ಕಾಲಕ್ಕೆ. ಭೂಮಿಯ ಮೇಲೆ ರಾಜ್ಯ, ಕಂದಾಯ, ಕರಣಿಕರು ಬೆಳೆದಂತೆಲ್ಲ ಪರಲೋಕದಲ್ಲಿಯೂ ಕಚೇರಿ ತೆರೆಯಿತೆಂದು ನನ್ನ ಊಹೆ.

ಈ ಊಹೆಗೆ ಪುಷ್ಟಿ ಕೊಡುವುದು ಚೀನಾ. ಬೌದ್ಧಧರ್ಮದೊಂದಿಗೆ ಅಲ್ಲಿಗೆ ಹೋದ ನಮ್ಮ ಯಮ ಯಾನ್‌ಲುವೊ ಎಂಬ ಹೆಸರು ಪಡೆದು, ಹತ್ತು ನ್ಯಾಯಸ್ಥಾನಗಳ ಹತ್ತು ರಾಜರಲ್ಲಿ ಒಬ್ಬನಾದ. ಅಧಿಕಾರಿಗಳ ಶ್ರೇಣಿಯನ್ನೇ ನಾಗರಿಕತೆಯ ಬೆನ್ನೆಲುಬಾಗಿ ಮಾಡಿಕೊಂಡ ದೇಶದಲ್ಲಿ ಅವನೂ ಶ್ರೇಣಿಗೆ ಸೇರಲೇಬೇಕಾಯಿತು. ಅಲ್ಲಿನ ಕಥೆಗಳಲ್ಲಿ ದೂತರು ಹೆಸರು ತಪ್ಪಿ ಬೇರೊಬ್ಬನನ್ನು ಎಳೆತಂದು ಆಮೇಲೆ ವಾಪಸು ಕಳುಹಿಸುವುದುಂಟು. ಹದಿನಾರನೆಯ ಶತಮಾನದ ಪ್ರಸಿದ್ಧ ಕಾದಂಬರಿ ‘ಪಶ್ಚಿಮ ಯಾತ್ರೆ’ಯಲ್ಲಿ ವಾನರವೀರನು ಯಮನ ಕಚೇರಿಗೇ ನುಗ್ಗಿ, ವಹಿಯಲ್ಲಿದ್ದ ತನ್ನ ಹೆಸರನ್ನು ಹೊಡೆದುಹಾಕುತ್ತಾನೆ. ದಾಖಲೆ ತಿದ್ದುವ ಚಪಲ ಎಷ್ಟು ಹಳೆಯದು ನೋಡಿ!

ಈಜಿಪ್ಟಿನವರು ಇನ್ನೂ ಮುಂದೆ ಹೋಗಿ ತಕ್ಕಡಿಯನ್ನೇ ತಂದಿಟ್ಟರು. ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಸತ್ಯದೇವತೆ ಮಾತ್‌ಳ ಗರಿ. ನರಿಮೊಗದ ಅನುಬಿಸ್ ತೂಗುತ್ತಾನೆ, ಥೋತ್ ಬರೆದುಕೊಳ್ಳುತ್ತಾನೆ. ತೂಗುವವನು ಒಬ್ಬ, ಬರೆಯುವವನು ಮತ್ತೊಬ್ಬ: ಲೆಕ್ಕಪರಿಶೋಧನೆಯ ಮೊದಲ ಪಾಠವೇ ಇದು.

ಗ್ರೀಕರ ಹೇಡೀಸನ ವಿಷಯ ಬೇರೆ. ಅವನ ಹೆಸರೆತ್ತಲು ಹೆದರಿದ ಜನ ಅವನನ್ನು ಪ್ಲೂಟೊ, ಅಂದರೆ ಸಿರಿವಂತ ಎಂದು ಕರೆದರು. ಧಾನ್ಯವೂ ಲೋಹವೂ ಬರುವುದು ನೆಲದಡಿಯಿಂದಲೇ ತಾನೆ? ಭದ್ರಾವತಿಯಲ್ಲಿ ಬಾಲ್ಯ ಕಳೆದ ನನಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಕೆಮ್ಮಣ್ಣುಗುಂಡಿಯ ಒಡಲಿನಿಂದ ಬಂದ ಅದಿರು 1923ರಿಂದ ಅಲ್ಲಿನ ಕುಲುಮೆಯಲ್ಲಿ ಕರಗಿ ಸಾವಿರಾರು ಮನೆಗಳ ಒಲೆ ಉರಿಸಿತು. ಆ ಕುಲುಮೆಯ ಬಿಸಿ ತಗ್ಗಿದಾಗ ಊರೂ ತಣ್ಣಗಾಯಿತು. ನಮ್ಮ ಮಲೆನಾಡಿನ ಬಲೀಂದ್ರನೂ ಪಾತಾಳದ ಒಡೆಯನೇ. ದೀಪಾವಳಿಯ ಪಾಡ್ಯದಂದು ಅವನು ತನ್ನ ನೆಲ ನೋಡಲು ಬರುತ್ತಾನೆ. ಅಂಟಿಗೆ ಪಂಟಿಗೆಯವರು ಹಾಡುತ್ತ ದೀಪ ಹೊತ್ತು ರಾತ್ರಿಯಿಡೀ ಮನೆಮನೆಗೆ ಹೋಗುತ್ತಾರೆ. ಕೆಳಲೋಕದವರೆಂದರೆ ಕೇಡಿಗರೆಂಬ ಭಾವನೆ ನಮ್ಮ ರೈತರಿಗೆ ಎಂದೂ ಇದ್ದಂತಿಲ್ಲ.

ಯಮನ ದೊಡ್ಡಗುಣವೆಂದರೆ ಅವನಲ್ಲಿ ಶಿಫಾರಸು ನಡೆಯದಿರುವುದು. ಆದರೂ ವಿನಾಯಿತಿ ಪಡೆದವರಿದ್ದಾರೆ. ಮಾರ್ಕಂಡೇಯನಿಗಾಗಿ ಶಿವನೇ ಬರಬೇಕಾಯಿತು. ಸಾವಿತ್ರಿ ಮಾತಿನಲ್ಲಿ ಗೆದ್ದಳು. ಅವಳ ಕಥೆಯನ್ನು ನಾಟಕವಾಗಿಸಿದ ನಮ್ಮ ಜಿಲ್ಲೆಯ ಕುವೆಂಪು ಅದಕ್ಕೆ ‘ಯಮನ ಸೋಲು’ ಎಂದೇ ಹೆಸರಿಟ್ಟರು. ಇನ್ನು ಸೊರಬ, ಶಿಕಾರಿಪುರದ ಕಡೆ ಹೆಜ್ಜೆಗೊಂದರಂತೆ ಸಿಗುವ ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಯಮನ ಸುಳಿವೇ ಇಲ್ಲ. ತುರುಗಳನ್ನು ಕಾಯುತ್ತ ಸತ್ತವನಿಗೆ ವಿಚಾರಣೆಯೇ ಬೇಡವೆಂದು ಊರು ತೀರ್ಮಾನಿಸಿ, ತೀರ್ಪನ್ನು ಕಲ್ಲಿನಲ್ಲಿ ಕೊರೆಸಿತು. ಎಷ್ಟೋ ವೀರಗಲ್ಲುಗಳಲ್ಲಿ ಸತ್ತವನ ಹೆಸರು, ಸತ್ತ ಕಾರಣ ಎರಡೂ ಇವೆ. ಅವೇ ನಮ್ಮ ಅತ್ಯಂತ ಹಳೆಯ ಮರಣ ಪ್ರಮಾಣಪತ್ರಗಳು.

1990ರ ದಶಕದಲ್ಲಿ ನಾನು ತಹಶೀಲ್ದಾರನಾಗಿದ್ದ ಒಂದು ತಾಲ್ಲೂಕಿಗೆ ಕೂಲಿಯ ಹೆಂಗಸೊಬ್ಬಳು ವಿಧವಾ ವೇತನ ಕೇಳಿಕೊಂಡು ಬಂದಳು. ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಮರಣ ನೋಂದಣಿಯಾಗಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನಗಳೊಳಗೆ ತಿಳಿಸಬೇಕು; ವರ್ಷ ಕಳೆದರೆ ಅಂದಿನ ನಿಯಮದಂತೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಅದನ್ನೇ ಹೇಳಿದೆ. ಅವಳು ನಿಂತಲ್ಲೇ ನಿಂತು, “ಸ್ವಾಮಿ, ನನ್ ಗಂಡ ಸತ್ತಿದ್ದು ಯಮನಿಗೆ ಗೊತ್ತು, ಊರಿಗೆಲ್ಲ ಗೊತ್ತು. ನಿಮಗೊಬ್ಬರಿಗೇ ಗೊತ್ತಿಲ್ವಾ?” ಎಂದಳು. ನಾನು ಅರ್ಜಿಯ ಮೇಲೆ ಷರಾ ಬರೆದು ಕಡತವನ್ನು ಬದಿಗಿಟ್ಟೆ. ನಿಯಮ ನನ್ನ ಪರವಾಗಿತ್ತು. ಆದರೆ ಗ್ರಾಮ ಲೆಕ್ಕಿಗನೇ ಹಳ್ಳಿಯ ನೋಂದಣಾಧಿಕಾರಿ, ಅವನು ನನ್ನ ಕೈಕೆಳಗಿನವನು. ಸಾವಿನ ಸುದ್ದಿ ವಹಿಗೆ ಏರದಿದ್ದುದರಲ್ಲಿ ನನ್ನ ಪಾಲೂ ಇದೆಯೆಂದು ಆ ದಿನ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಬಹಳ ತಡವಾಗಿ, ಕೋವಿಡ್ ಕಾಲದಲ್ಲಿ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ನೀಡಿದ 50,000 ರೂಪಾಯಿ ಪರಿಹಾರಕ್ಕೆ ಸಾವು ಕೋವಿಡ್‌ನಿಂದಲೇ ಆದದ್ದೆಂಬ ದಾಖಲೆ ಬೇಕಿತ್ತು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಸರ್ಕಾರಿ ಲೆಕ್ಕದ ಕೋವಿಡ್ ಸಾವುಗಳು ಆ ಎರಡು ವರ್ಷಗಳಲ್ಲಿ ಸುಮಾರು 4.8 ಲಕ್ಷ. ಅಂದಾಜಿನ ವಿಧಾನದ ಬಗ್ಗೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೂ ತಕರಾರುಗಳಿವೆ, ಎರಡೂ ಸಂಖ್ಯೆಗಳು ಒಂದನ್ನೇ ಅಳೆಯುವುದಿಲ್ಲವೆಂಬುದೂ ಗೊತ್ತು. ಆದರೆ ನಮ್ಮ ನೋಂದಣಿ ಪುಸ್ತಕಗಳು ಎಲ್ಲೆಡೆ ಸಕಾಲಕ್ಕೆ ಸರಿಯಾಗಿ ತುಂಬಿದ್ದರೆ ಇಷ್ಟು ದೊಡ್ಡ ವಿವಾದಕ್ಕೆ ಎಡೆಯೇ ಇರುತ್ತಿರಲಿಲ್ಲ.

2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ವರ್ಷ ಮೀರಿದ ಪ್ರಕರಣಗಳಲ್ಲಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ, ಇಲ್ಲವೇ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಈಗ ಆದೇಶ ಕೊಡಬಹುದು. ಅಂದರೆ ನಾನು ಕುಳಿತಿದ್ದಂಥ ಕುರ್ಚಿಗೂ ಆ ಅಧಿಕಾರ ಬರಬಹುದು.

ಆ ಹೆಂಗಸು ವಕೀಲರೊಬ್ಬರನ್ನು ಹಿಡಿದು ಆದೇಶ ತರಲು ಒಂಬತ್ತು ತಿಂಗಳು ಬೇಕಾಯಿತು. ವೇತನ ಮಂಜೂರಾದದ್ದು ಆ ನಂತರದ ತಿಂಗಳಿನಿಂದ. ಹಿಂದಿನ ವರ್ಷಗಳದ್ದನ್ನು ಅವಳು ಕೇಳಲಿಲ್ಲ. ಕೇಳಿದ್ದರೂ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ.