ಎರಡನೇ ಗೇರಿನಲ್ಲಿ ಪುಲಿಯಾ

ಇಟಲಿಯ ನಕ್ಷೆಯಲ್ಲಿ ಬೂಟಿನ ಹಿಮ್ಮಡಿಯಾಗಿ ಕಾಣುವ ಪ್ರಾಂತ ಪುಲಿಯಾ. ಅಲ್ಲಿಗೆ ಹೊರಟವರಿಗೆ ನಾನು ಹೇಳುವುದು ಒಂದೇ ಮಾತು: ಕಾರು ಬಾಡಿಗೆಗೆ ಹಿಡಿಯಿರಿ, ಆದರೆ ದಿನಕ್ಕೆ 80 ಕಿಲೋಮೀಟರಿಗಿಂತ ಹೆಚ್ಚು ಓಡಿಸಬೇಡಿ. ರೋಮ್, ಫ್ಲಾರೆನ್ಸ್, ವೆನಿಸ್‌ಗೆ ರೈಲು ಸಾಕು. ಅಲ್ಲಿ ನೋಡುವುದೆಲ್ಲ ಊರೊಳಗೇ ಇದೆ. ಪುಲಿಯಾದಲ್ಲಿ ಹಾಗಲ್ಲ. ನೋಡಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ, ಬಸ್ಸು ಹೋಗದ ಸಣ್ಣ ರಸ್ತೆಗಳ ಎರಡೂ ಬದಿಯಲ್ಲಿದೆ.

ನಾನು ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಸೇವೆಯ ಬಹುಪಾಲು ಚಿತ್ರದುರ್ಗ, ತುಮಕೂರು ಕಡೆಯ ಕೆರೆ ಏರಿಗಳ ಮೇಲೆ ಕಳೆಯಿತು. ಎಲ್ಲಿಗೆ ಹೋದರೂ ನೀರು ಎಲ್ಲಿದೆ ಎಂದು ಹುಡುಕುವುದು ನನ್ನ ಅಭ್ಯಾಸ. ಪುಲಿಯಾದಲ್ಲಿ ಉತ್ತರದ ಒಫಾಂತೊದಂಥ ಒಂದೆರಡು ಹೊಳೆ ಬಿಟ್ಟರೆ ನೆಲದ ಮೇಲೆ ನೀರೇ ಕಾಣುವುದಿಲ್ಲ. ಪ್ರಾಂತದ ಬಹುಪಾಲು ಸುಣ್ಣಕಲ್ಲಿನ ಹಾಸಿನ ಮೇಲಿದೆ. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ನೆಲದಡಿ ಸೇರಿಬಿಡುತ್ತದೆ. ಹಿಂದಿನವರು ಬದುಕಿದ್ದು ಮಳೆನೀರು ಕೂಡಿಟ್ಟುಕೊಂಡು. ಕೊನೆಗೆ, ಅಪೆನ್ನೈನ್ಸ್ ಬೆಟ್ಟಸಾಲಿನ ಆಚೆ, ಪಶ್ಚಿಮದ ಸಮುದ್ರಕ್ಕೆ ಹರಿಯುವ ಸೆಲೆ ನದಿಯ ಮೂಲದ ನೀರನ್ನು ಬೆಟ್ಟಕ್ಕೆ ಸುರಂಗ ಕೊರೆದು ಪೂರ್ವಕ್ಕೆ ತಿರುಗಿಸಿದರು. ಆ ನೀರು ಪ್ರಾಂತದ ರಾಜಧಾನಿ ಬಾರಿ ನಗರಕ್ಕೆ ತಲುಪಿದ್ದು 1915ರಲ್ಲಿ. ಇಷ್ಟು ತಿಳಿದುಕೊಂಡು ಹೋದರೆ ಅಲ್ಲಿನ ಮನೆಗಳು ಬೇರೆಯೇ ಥರ ಕಾಣುತ್ತವೆ.

ಬಾರಿಯಿಂದ ಒಂದು ಗಂಟೆಯ ದಾರಿ ಅಲ್ಬೆರೊಬೆಲ್ಲೊ. ಶಂಕುವಿನಾಕಾರದ ಕಲ್ಲುಚಾವಣಿಯ ‘ತ್ರುಲ್ಲಿ’ ಮನೆಗಳು ಇಲ್ಲಿ 1,500ಕ್ಕೂ ಹೆಚ್ಚಿವೆ. 1996ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಗಾರೆಯಿಲ್ಲದೆ ಕಟ್ಟಿದರೆ ತೆರಿಗೆಯವರು ಬರುವ ಸುದ್ದಿ ಸಿಕ್ಕಾಗ ಬೇಗ ಕೆಡವಬಹುದು ಎಂದು ಊರಿನ ಒಡೆಯರು ಹೀಗೆ ಕಟ್ಟಿಸಿದರಂತೆ. ಎಲ್ಲ ಗೈಡುಗಳೂ ಹೇಳುವ ಕಥೆ ಇದು. ನನಗೆ ಅದಕ್ಕಿಂತ ಇಷ್ಟವಾದದ್ದು ಸೂರಿನ ಕೆಲಸ. ಒಳಗೊಂದು ಕಲ್ಲಿನ ಗೂಡು, ಹೊರಗೆ ತೆಳ್ಳಗಿನ ಚಪ್ಪಡಿ, ನಡುವೆ ಜಲ್ಲಿ. ಚಪ್ಪಡಿಗಳನ್ನು ಹೊರಕ್ಕೆ ತುಸು ಓರೆಯಾಗಿ ಜೋಡಿಸಿರುವುದರಿಂದ ಒಂದು ಹನಿಯೂ ಒಳಗಿಳಿಯದೆ ಅಂಚಿಗೆ ಬಂದು, ಕಲ್ಲಿನ ದೋಣಿಯಲ್ಲಿ ಹರಿದು ಮನೆಯಡಿಯ ಸಂಪಿಗೆ ಬೀಳುತ್ತದೆ. ಸಂಪು ತೋಡುವಾಗ ಎದ್ದ ಕಲ್ಲೇ ಗೋಡೆಗೂ ಸೂರಿಗೂ ಆಗುತ್ತಿತ್ತು. ಅಗೆದದ್ದರಲ್ಲಿ ಒಂದಿಷ್ಟೂ ವ್ಯರ್ಥವಿಲ್ಲ. ಇಲಾಖೆಯಲ್ಲಿದ್ದಾಗ ಇಂಥದೊಂದು ಎಸ್ಟಿಮೇಟ್ ಬರೆಯುವ ಭಾಗ್ಯ ನನಗೆ ಬರಲಿಲ್ಲ.

ಅಲ್ಬೆರೊಬೆಲ್ಲೊದಲ್ಲಿ ಹಗಲಿಡೀ ಜನಜಂಗುಳಿ. ಬೆಳಿಗ್ಗೆ ಬೇಗ ನೋಡಿ ಹೊರಟುಬಿಡಬೇಕು. ನಾವು ಉಳಿದುಕೊಂಡಿದ್ದು ಲೊಕೊರೊತೊಂದೊದ ಹೊರಗೆ, ಇತ್ರಿಯಾ ಕಣಿವೆಯ ತೋಟವೊಂದರ ತ್ರುಲ್ಲಿ ಮನೆಯಲ್ಲಿ. ಆ ಊರು, ಚಿಸ್ತೆರ್ನಿನೊ, ಮಾರ್ತಿನಾ ಫ್ರಾಂಕಾ ಮೂರೂ ಹತ್ತಿರ ಹತ್ತಿರ. ನಡುವಿನ ರಸ್ತೆಗಳಿಗೆ ಎರಡೂ ಕಡೆ ಸೊಂಟದೆತ್ತರದ ಒಣಗಲ್ಲಿನ ಗೋಡೆ. ಅಗಲ ಒಂದು ಕಾರಿಗೆ ಸರಿಯಾಗುವಷ್ಟು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ತೋಟದ ಗೇಟಿನವರೆಗೆ ಹಿಂದಕ್ಕೆ ಹೋಗಬೇಕು. ಅಲ್ಲಿಯವರು ಕೈಯೆತ್ತಿ ತಾವೇ ಹಿಂದಕ್ಕೆ ಹೋಗುತ್ತಾರೆ, ಹಾರ್ನ್ ಮಾಡುವುದಿಲ್ಲ.

ಒಂದು ತಿರುವಿನಲ್ಲಿ ನನ್ನ ಹೆಂಡತಿ, “ನಿಲ್ಸಿ ರೀ, ಅಲ್ಲಿ ಗೋಡೆ ಕಟ್ತಾ ಇದಾರೆ” ಎಂದಳು. ವಯಸ್ಸಾದವರೊಬ್ಬರು ಕುಸಿದ ಭಾಗವನ್ನು ಮತ್ತೆ ಕಟ್ಟುತ್ತಿದ್ದರು. ಕೈಯಲ್ಲಿ ಸುತ್ತಿಗೆ ಒಂದೇ. ಎರಡು ಸಾಲು ದಪ್ಪ ಕಲ್ಲು, ಸಪಾಟಾದ ಮುಖ ಹೊರಕ್ಕೆ. ಎರಡೂ ಸಾಲು ಒಳಕ್ಕೆ ಕೊಂಚ ವಾಲಿಸಿ, ನಡುವೆ ಸಣ್ಣ ಕಲ್ಲು ತುಂಬುವುದು. ಒಂದು ಕಲ್ಲನ್ನು ಮೂರು ಸಲ ತಿರುಗಿಸಿ ನೋಡಿದರು, ಅಂಚನ್ನು ಒಂದೇ ಪೆಟ್ಟಿಗೆ ಕೆತ್ತಿದರು, ಕೂರಿಸಿ ಅಲ್ಲಾಡಿಸಿದರು, ಅಡಿಗೆ ಬೆರಳಗಲದ ಚಕ್ಕೆ ತುರುಕಿದರು. ಮತ್ತೆ ಅಲ್ಲಾಡಿಸಿದಾಗ ಅದು ಜಗ್ಗಲಿಲ್ಲ. ಹೊಲದಿಂದ ಆಯ್ದ ಕಲ್ಲನ್ನೆಲ್ಲ ಹೀಗೆ ಗೋಡೆಗೆ ಹಾಕಿದ್ದರಿಂದಲೇ ಉಳಲು ಮಣ್ಣು ಸಿಕ್ಕಿತು. ಮಳೆ ಬಂದಾಗ ಸಂದಿಗಳಲ್ಲಿ ನೀರು ಸೋರಿಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳ ಈ ಒಣಗಲ್ಲು ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಸ್ಟೀರಿಂಗ್ ಎಡಕ್ಕೆ, ಓಡಿಸುವುದು ಬಲಕ್ಕೆ. ಗೇರ್ ಬಲಗೈಗೆ ಬರುತ್ತದೆ, ಆಟೊಮ್ಯಾಟಿಕ್ ಬೇಕಿದ್ದರೆ ಮುಂಚೆಯೇ ಕೇಳಿಕೊಳ್ಳಬೇಕು. ಇದ್ದುದರಲ್ಲಿ ಚಿಕ್ಕ ಕಾರೇ ವಾಸಿ. ಹಳೆಯ ಊರುಗಳ ಬಾಯಲ್ಲಿ ಬಿಳಿ ಹಿನ್ನೆಲೆಯ ಕೆಂಪು ಉಂಗುರದ ಫಲಕ, ಅದರ ಕೆಳಗೆ ‘ಝಡ್‌ಟಿಎಲ್’ ಎಂದಿದ್ದರೆ ಅದು ಊರವರ ವಾಹನಗಳಿಗೆ ಮಾತ್ರ. ಯಾರೂ ತಡೆಯುವುದಿಲ್ಲ, ಕ್ಯಾಮೆರಾ ನಂಬರ್ ಬರೆದುಕೊಳ್ಳುತ್ತದೆ, ದಂಡ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಆದ್ದರಿಂದ ಕಾರನ್ನು ಕೋಟೆಯ ಹೊರಗೆ ನಿಲ್ಲಿಸಿ ನಡೆಯಬೇಕು. ನೀಲಿ ಗೆರೆಯಿದ್ದಲ್ಲಿ ದುಡ್ಡು ಕಟ್ಟಬೇಕು, ಬಿಳಿ ಗೆರೆ ಸಾಮಾನ್ಯವಾಗಿ ಪುಕ್ಕಟೆ, ಹಳದಿ ನಮ್ಮದಲ್ಲ. ಪೆಟ್ರೋಲಿನ ಪೈಪು ಹಸಿರು, ಡೀಸೆಲ್ಲಿನದು ಕಪ್ಪು.

ಮಧ್ಯಾಹ್ನ ಒಂದರ ಸುಮಾರಿಗೆ ಅಂಗಡಿ, ಚರ್ಚು ಎಲ್ಲ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ನಾಲ್ಕೂವರೆ ಐದಕ್ಕೆ. ಅವಸರದವರಿಗೆ ಇದು ಕಿರಿಕಿರಿ. ನಾವು ಆ ಹೊತ್ತನ್ನು ಊಟಕ್ಕೂ ನಿದ್ದೆಗೂ ಬಿಟ್ಟುಕೊಟ್ಟೆವು. ಸಸ್ಯಾಹಾರಿಗಳಿಗೆ ಪುಲಿಯಾ ಸ್ವರ್ಗ. ಹೆಸರಾಂತ ತಿನಿಸು ‘ಫಾವೆ ಎ ಚಿಕೋರಿಯಾ’: ಸಿಪ್ಪೆ ತೆಗೆದ ಒಣ ಫಾವಾ ಅವರೆಯನ್ನು ಕರಗುವಂತೆ ಬೇಯಿಸಿದ್ದು, ನಮ್ಮ ಗಟ್ಟಿ ತೊವ್ವೆಯ ಹಾಗೆ, ಮೇಲೆ ಕಹಿ ಸೊಪ್ಪಿನ ಪಲ್ಯ, ಧಾರಾಳವಾಗಿ ಹಸಿ ಆಲಿವ್ ಎಣ್ಣೆ. ಬಾರಿಯ ಹಳೆಪೇಟೆಯಲ್ಲಿ ಹೆಂಗಸರು ಮನೆಯ ಮುಂದೆ ಮೇಜು ಹಾಕಿಕೊಂಡು ಕಿವಿಯಾಕಾರದ ಓರೆಕಿಯೆತ್ತೆ ಪಾಸ್ತಾ ಮಾಡುತ್ತಾರೆ. ಚಾಕುವಿನಿಂದ ಹಿಟ್ಟಿನ ತುಣುಕನ್ನು ಎಳೆದು ಹೆಬ್ಬೆರಳಿನ ಮೇಲೆ ಮಗುಚಿದರೆ ಮುಗಿಯಿತು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಎರಡಾಗಿರುತ್ತವೆ.

ದಕ್ಷಿಣಕ್ಕೆ ಇಳಿಯುವಾಗ ಹೆಚ್ಚಿನವರು ಬ್ರಿಂದಿಸಿಯನ್ನು ದಾಟಿ ಹೋಗಿಬಿಡುತ್ತಾರೆ. ಭಾರತೀಯರು ಅಲ್ಲಿ ಅರ್ಧ ದಿನವಾದರೂ ಇಳಿಯಬೇಕು. ಸುಯೆಜ್ ಕಾಲುವೆ ತೆರೆದ ಮರುವರ್ಷದಿಂದ, ಅಂದರೆ 1870ರಿಂದ 1914ರವರೆಗೆ, ಲಂಡನ್ನಿನ ಟಪಾಲು ರೈಲಿನಲ್ಲಿ ಇಲ್ಲಿಗೆ ಬಂದು, ಇಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಎರಡನೇ ದುಂಡುಮೇಜಿನ ಪರಿಷತ್ತು ಬರಿಗೈಯಲ್ಲಿ ಮುಗಿದ ಮೇಲೆ ಗಾಂಧೀಜಿ 1931ರ ಡಿಸೆಂಬರಿನಲ್ಲಿ ಹಡಗು ಹತ್ತಿದ್ದೂ ಇದೇ ಬಂದರಿನಲ್ಲಿ. ಬಂದರಿನ ಮೆಟ್ಟಿಲುಗಳ ಮೇಲೆ ರೋಮನ್ನರ ಕಂಬವೊಂದು ನಿಂತಿದೆ. ಅದರ ಜೋಡಿ ಕುಸಿದು, ತುಂಡುಗಳು ಲೆಚ್ಚೆ ನಗರದ ಚೌಕ ಸೇರಿದವು. ಲೆಚ್ಚೆಯ ಕಲ್ಲು ಜೇನುಬಣ್ಣದ್ದು, ಮೃದು. ಸಾಂತಾ ಕ್ರೋಚೆ ಚರ್ಚಿನ ಮುಖಭಾಗದಲ್ಲಿ ಕೆತ್ತದೆ ಬಿಟ್ಟ ಗೇಣು ಜಾಗ ಹುಡುಕಿದರೂ ಸಿಗುವುದು ಕಷ್ಟ.

ಒತ್ರಾಂತೊದ ಕೆಥೆಡ್ರಲ್‌ನಲ್ಲಿ ತಲೆಯೆತ್ತುವ ಮೊದಲು ತಲೆ ತಗ್ಗಿಸಬೇಕು. 1163ರಿಂದ 1165ರ ನಡುವೆ ಪಾಂತಲೆಯೋನೆ ಎಂಬ ಸನ್ಯಾಸಿಯ ಕೈಕೆಳಗೆ ತಯಾರಾದ ಮೊಸಾಯಿಕ್ ಇಡೀ ನೆಲವನ್ನು ಆವರಿಸಿದೆ. ಒಂದು ಮಹಾವೃಕ್ಷ, ಕೊಂಬೆಗಳಲ್ಲಿ ಆದಾಮ, ನೋಹ, ಅಲೆಕ್ಸಾಂಡರ್, ಆರ್ಥರ್ ರಾಜ, ಹನ್ನೆರಡು ತಿಂಗಳ ಬೇಸಾಯದ ಕೆಲಸ. ಮರವನ್ನು ಬೆನ್ನ ಮೇಲೆ ಹೊತ್ತಿರುವುದು ಎರಡು ಆನೆಗಳು. ನಾವು ಆ ಆನೆಗಳ ಬಳಿ ಬಹಳ ಹೊತ್ತು ನಿಂತೆವು.

ಅಲ್ಲಿಂದ ಲೆಯುಕಾ ಭೂಶಿರಕ್ಕೆ ಸಮುದ್ರದ ಬಂಡೆಯಂಚಿನಲ್ಲೇ ಸುಮಾರು 50 ಕಿಲೋಮೀಟರ್. ಇಡೀ ದಿನ ಕೊಡಿ. ಇಟಲಿಯ ತೀರಾ ಪೂರ್ವದ ತುದಿ ಪಲಾಶಿಯಾ ದೀಪಸ್ತಂಭ ಈ ದಾರಿಯಲ್ಲಿದೆ; ಹವೆ ತಿಳಿಯಾಗಿದ್ದರೆ ಆಚೆ ಅಲ್ಬೇನಿಯಾದ ಬೆಟ್ಟ ಕಾಣುತ್ತದೆ.

ಲೆಯುಕಾದಿಂದ ಗಲ್ಲಿಪೊಲಿಯ ಕಡೆ ತಿರುಗಿದ ಮೇಲೆ ಮನಸ್ಸು ಕುಗ್ಗಿತು. ಒಸ್ತೂನಿ ಊರಿನ ಕೆಳಗಿನ ಬಯಲಲ್ಲಿ, ಹುರಿಗೊಂಡ ಕಾಂಡದ ಸಾವಿರ ವರ್ಷ ದಾಟಿದ ಆಲಿವ್ ಮರಗಳನ್ನು ನೋಡಿ ಬಂದಿದ್ದೆವು. ಅಂಥ ಮರಗಳನ್ನು ಉಳಿಸಲೆಂದೇ 2007ರಲ್ಲಿ ಪ್ರಾಂತದ ಕಾನೂನು ಬಂದಿದೆ. ಇಲ್ಲಿ ರಸ್ತೆಯ ಎರಡೂ ಬದಿ ಬೂದುಬಣ್ಣದ ಬೋಳು ಮರಗಳು, ಮೈಲಿಗಟ್ಟಲೆ. ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಗಲ್ಲಿಪೊಲಿಯ ಬಳಿ ಪತ್ತೆಯಾದದ್ದು 2013ರಲ್ಲಿ. ಮಧ್ಯ ಅಮೆರಿಕದಿಂದ ತಂದ ಅಲಂಕಾರದ ಕಾಫಿ ಗಿಡದಲ್ಲಿ ಬಂದಿರಬೇಕೆಂದು ವಿಜ್ಞಾನಿಗಳ ಅಂದಾಜು. ನೊರೆಯೊಳಗೆ ಬೆಳೆಯುವ ಸಣ್ಣ ಕೀಟವೊಂದು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಬೇರಿನಿಂದ ನೀರು ಏರುವ ನಾಳಗಳೇ ಕಟ್ಟಿಕೊಂಡು ಮರ ತುದಿಯಿಂದ ಒಣಗುತ್ತಾ ಬರುತ್ತದೆ. ಲಕ್ಷಗಟ್ಟಲೆ ಮರಗಳು ಹೀಗೆ ಹೋದವು. ಕಾಫಿ, ಅಡಿಕೆ ಬೆಳೆಯುವ ನಮ್ಮವರು ಇದನ್ನು ಕಣ್ಣಾರೆ ನೋಡಬೇಕು, ಗಿಡ ತರುವಾಗಿನ ತಪಾಸಣೆ ಯಾಕೆ ಬೇಕೆಂದು ಯಾರೂ ಬೇರೆ ಹೇಳಬೇಕಾಗುವುದಿಲ್ಲ.

ಎಣ್ಣೆಗಾಣದ ಫಲಕ ಕಂಡು ಒಂದು ತೋಟಕ್ಕೆ ಹೋದೆವು. ಮಾಲೀಕರ ಮಗ ತಕ್ಕಮಟ್ಟಿಗೆ ಇಂಗ್ಲಿಷ್ ಬಲ್ಲವನು, ಹಿತ್ತಲಿನ ಮರವೊಂದನ್ನು ತೋರಿಸಿದ. ಅಜ್ಜನ ಕಾಲದ ಮರದ ತಲೆ ಕೊಯ್ದು, ರೋಗ ತಡೆದುಕೊಳ್ಳುವ ಲೆಚ್ಚಿನೊ ತಳಿಯ ಕಡ್ಡಿಗಳನ್ನು ಕಸಿ ಕಟ್ಟಿದ್ದರು. ಎರಡಾಳು ತಬ್ಬುವ ಕಾಂಡದ ಅಂಚಿನಲ್ಲಿ ಬೆರಳು ದಪ್ಪದ ಐದಾರು ಚಿಗುರು, ಒಂದೆರಡರಲ್ಲಿ ಕಾಯಿ. ಪಕ್ಕದ ಹೊಲದಲ್ಲಿ ಹೊಸ ಸಸಿಗಳ ಸಾಲು, ಹನಿ ನೀರಾವರಿಯ ಕಪ್ಪು ಪೈಪು. ನಾನು ಪೈಪಿನ ಗೇಜ್ ಕೇಳಿದೆ, ಅವನು ನಮ್ಮ ಕೊಳವೆಬಾವಿಗಳ ಆಳ ಕೇಳಿದ, ಮಾತು ಬೆಳೆಯಿತು. ಎಣ್ಣೆ ಒಯ್ಯುವುದಾದರೆ ಬಾಟಲಿ ಬೇಡ, ಡಬ್ಬ ತಗೊಳ್ಳಿ, ಬೆಳಕು ತಾಗುವುದಿಲ್ಲ ಎಂದ. ಆ ವರ್ಷದ ಎಣ್ಣೆ ಇನ್ನೂ ಬಂದಿರಲಿಲ್ಲ. ಅವರ ಗಾಣ ತಿರುಗುವುದು ಅಕ್ಟೋಬರ್ ಕೊನೆಗೆ. ಹೊಸ ಎಣ್ಣೆಯ ರುಚಿ ನೋಡಬೇಕೆನ್ನುವವರು ನವೆಂಬರಿನಲ್ಲಿ ಹೋಗಬೇಕು.